ಸುತ್ತು ಹಾಕುವವರಿಲ್ಲದ ಕೋಟೆ

ಬೆಳಗಾವಿಯ ಕೋಟೆಗೆ ಬರುವವರು ಈಗ ಕೋಟೆ ನೋಡಲು ಬರುವುದಿಲ್ಲ. ಕೆಲವರು ಕಮಲ ಬಸದಿಗೆ ಬರುತ್ತಾರೆ, ಕೆಲವರು ರಾಮಕೃಷ್ಣ ಆಶ್ರಮಕ್ಕೆ, ಇನ್ನು ಕೆಲವರು ದುರ್ಗೆಯ ಗುಡಿಗೆ, ಮಸೀದಿಗೆ. ಬೇಕಾದ ಬಾಗಿಲ ಮುಂದೆಯೇ ಗಾಡಿ ನಿಲ್ಲಿಸಿ, ಕೈಮುಗಿದು, ಬಂದ ದಾರಿಯಲ್ಲೇ ಹೊರಬೀಳುತ್ತಾರೆ. ಕಂದಕದ ಅಂಚು ಹಿಡಿದು ನಡೆಯುತ್ತ ಇಡೀ ಕೋಟೆಗೆ ಒಂದು ಸುತ್ತು ಹಾಕುವ ರೂಢಿಯೊಂದಿತ್ತು. ಅದು ನನ್ನ ಕಣ್ಣೆದುರಿಗೇ ಇಲ್ಲವಾಯಿತು.

ಆ ಸುತ್ತು ಹಾಕಿಸುತ್ತಿದ್ದವರು ನಮ್ಮ ಸೋದರಮಾವ. ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸ ಮಾಡಿ, ನಿವೃತ್ತರಾದ ಮೇಲೆ ಮಗಳ ಮನೆಯೆಂದು ಬೆಳಗಾವಿಯಲ್ಲಿ ಉಳಿದಿದ್ದರು. ನಾವು ನವನಗರದ ಮಕ್ಕಳು. ಹುಬ್ಬಳ್ಳಿ-ಧಾರವಾಡ ಸೇರಿ ಒಂದೇ ಪಾಲಿಕೆಯಾದದ್ದು 1962ರಲ್ಲಿ; ಎರಡೂ ಊರಿನ ನಡುವೆ ಎದ್ದ ನಮ್ಮ ಬಡಾವಣೆಯಲ್ಲಿ ಮನೆಗಳೂ ಹೊಸವು, ಗಿಡಗಳೂ ಹೊಸವು. ಹಳೆಯದು ನೋಡಬೇಕೆಂದರೆ ಅಮರಗೋಳಕ್ಕೆ ನಡೆದು ಹೋಗಿ ಶಂಕರಲಿಂಗನ ಗುಡಿಯ ಕಂಬ ಸವರಿ ಬರಬೇಕಿತ್ತು. ಅದಕ್ಕೇ ರಜೆ ಬಂತೆಂದರೆ ಬೆಳಗಾವಿಯ ಬಸ್ಸು. ಆಗ ಬೈಪಾಸು ಅದೂ ಇದೂ ಇರಲಿಲ್ಲ. ಪಿ.ಬಿ. ರಸ್ತೆಯಲ್ಲಿ ಧಾರವಾಡ, ಕಿತ್ತೂರು, ಹಿರೇಬಾಗೇವಾಡಿ ದಾಟಿ ಹೋಗುವ ಹೊತ್ತಿಗೆ ಮೈಯೆಲ್ಲ ಕೆಂಧೂಳು.

ಮಾವನ ಲೆಕ್ಕದಲ್ಲಿ ಕೋಟೆ ನೋಡುವುದಕ್ಕೊಂದು ಕ್ರಮ ಇತ್ತು. ಮೊದಲು ಬಾಗಿಲಲ್ಲಿರುವ ಗಣಪತಿಗೂ ದುರ್ಗೆಗೂ ಕೈಮುಗಿಯಬೇಕು. ಆಮೇಲೆ ಗುಡಿ, ಬಸದಿ ಯಾವುದಕ್ಕೂ ಹೋಗುವಂತಿಲ್ಲ. ಮೊದಲು ಕಂದಕ. ಕೆಂಪು ನೆಲವನ್ನು ಆಳವಾಗಿ ಅಗೆದು ತೆಗೆದ ಆ ಕಂದಕದ ಅಂಚಿನಲ್ಲಿ ನಿಲ್ಲಿಸಿ, "ಇಲ್ಲಿ ನೀರಿತ್ತು ಅಂತ ತಿಳ್ಕೋರಿ. ಈಗ ನೀವು ವೈರಿ ಕಡಿಯವ್ರು. ಹ್ಯಾಂಗ ಒಳಗ ಹೋಗ್ತೀರಿ, ಹೇಳ್ರಿ ನೋಡೋಣು" ಎನ್ನುತ್ತಿದ್ದರು. ನಾವು ಏಣಿ ಎನ್ನುತ್ತಿದ್ದೆವು, ಹಗ್ಗ ಎನ್ನುತ್ತಿದ್ದೆವು. ಅವರು ಬಹಮನಿಗಳ ಮಂತ್ರಿ ಮಹಮೂದ್ ಗವಾನನ ಕತೆ ತೆಗೆಯುತ್ತಿದ್ದರು. 1473ರಲ್ಲಿ ಬಹಮನಿ ಸೈನ್ಯ ಇದೇ ಕಂದಕದ ಮುಂದೆ ಬಂದು ನಿಂತಿತ್ತು, ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿತು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಈ ಸೀಮೆಯಲ್ಲಿ ಮದ್ದಿನ ಸದ್ದು ಮೊದಮೊದಲು ಕೇಳಿಸಿದ ಜಾಗಗಳಲ್ಲಿ ಇದೂ ಒಂದು. ಅಲ್ಲಿಂದ ಮುಂದೆ ನಡೆಯುತ್ತ ಬಿಜಾಪುರದವರು, ಶಿವಾಜಿ, ಮೊಗಲರು, ಸವಣೂರಿನ ನವಾಬರು, ಪೇಶ್ವೆಗಳು. ಕೊನೆಗೆ 1818ರ ಏಪ್ರಿಲ್‌ನಲ್ಲಿ, ಮೂರು ವಾರದ ಮುತ್ತಿಗೆಯ ನಂತರ ಬ್ರಿಟಿಷರ ಥಾಮಸ್ ಮನ್ರೋನ ಕೈಗೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಸುತ್ತು ಅರ್ಧ ಆಗಿರುತ್ತಿತ್ತು. ಬಿಸಿಲಿಗೆ ಬಾಯಾರಿ ಯಾರಾದರೊಬ್ಬರು ಅಳಲು ಶುರು ಮಾಡಿರುತ್ತಿದ್ದರು.

ಕಮಲ ಬಸದಿಗೆ ಹೋಗುವುದು ಅದಾದ ಮೇಲೆ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಅಂಗಾಲಿನಿಂದ ಏರುತ್ತಿತ್ತು. ಕಡೆದು ನುಣುಪು ಮಾಡಿದ ದುಂಡು ಕಂಬಗಳು, ಗರ್ಭಗುಡಿಯಲ್ಲಿ ಕರಿಕಲ್ಲಿನ ನೇಮಿನಾಥ. ಆದರೆ ಮಾವ ಹೇಳುತ್ತಿದ್ದದ್ದು ಒಂದೇ ಮಾತು: "ಮ್ಯಾಲ ನೋಡ್ರಿ." ಚಾವಣಿಯ ನಟ್ಟನಡುವೆ ತಲೆಕೆಳಗಾಗಿ ಅರಳಿದ ಕಲ್ಲಿನ ತಾವರೆ. ಸುತ್ತಿನ ಮೇಲೆ ಸುತ್ತಾಗಿ ಇಳಿದು ಬರುವ ಅದರ ದಳಗಳು 72. ಹಿಂದೆ ಆಗಿಹೋದ, ಈಗಿನ, ಮುಂದೆ ಬರಲಿರುವ ತೀರ್ಥಂಕರರು ಇಪ್ಪತ್ನಾಲ್ಕು ಇಪ್ಪತ್ನಾಲ್ಕು. ಒಬ್ಬೊಬ್ಬರಿಗೆ ಒಂದೊಂದು ದಳ. ನಾವು ನೆಲದ ಮೇಲೆ ಅಂಗಾತ ಮಲಗಿ ಎಣಿಸುತ್ತಿದ್ದೆವು. ಎಲ್ಲೋ ನಲವತ್ತು ಐವತ್ತರ ಹತ್ತಿರ ಕಣ್ಣು ತಪ್ಪುತ್ತಿತ್ತು, ಮತ್ತೆ ಮೊದಲಿಂದ. ಪೂಜೆಯ ಹಿರಿಯರು ಬೈಯಲಿಲ್ಲ. ಎಣಿಸುವ ಮಕ್ಕಳು ಅವರಿಗೆ ಹೊಸಬರೇನೂ ಆಗಿರಲಿಲ್ಲ.

ಈ ಬಸದಿ ಕಟ್ಟಿಸಿದವನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಇಸವಿ 1204. ಸವದತ್ತಿಯಿಂದ ಬಂದ ರಟ್ಟರು ವೇಣುಗ್ರಾಮದಲ್ಲಿ, ಅಂದರೆ ಈಗಿನ ಬೆಳಗಾವಿಯಲ್ಲಿ, ನೆಲೆ ಊರಿದ್ದ ಕಾಲ ಅದು. ಕೋಟೆಯ ಹುಟ್ಟನ್ನೂ ಬೀಚಿರಾಜನ ಹೆಸರಿಗೇ ಹಚ್ಚುತ್ತಾರೆ. ಅಂದರೆ ಇಲ್ಲಿ ಕೋಟೆಯೂ ಬಸದಿಯೂ ಜೊತೆಜೊತೆಗೇ ಬೆಳೆದವು. ಆ ಕಾಲದ ಎರಡು ಶಾಸನಗಳು, ಅಚ್ಚುಕಟ್ಟಾದ ಕನ್ನಡದ ಶಾಸನಗಳು, ಕೋಟೆಯಿಂದ ಹೊರಟು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ರಟ್ಟ ಜಿನಾಲಯಕ್ಕೆ ಬಿಟ್ಟ ಭೂಮಿ, ಪೇಟೆಯ ವರ್ತಕರು ಸಲ್ಲಿಸಬೇಕಾದ ಕಾಣಿಕೆ ಎಲ್ಲ ಅವುಗಳಲ್ಲಿವೆ. ಬೆಳಗಾವಿಯ ಕನ್ನಡದ ಬಗ್ಗೆ ವರ್ಷಕ್ಕೊಮ್ಮೆ ಬಿಸಿ ಬಿಸಿ ಮಾತಾಡುವ ನಾವು, ಆ ಕನ್ನಡ ಎಲ್ಲಿ ನಿಂತಿದೆ ಎಂದು ಕೇಳುವುದಿಲ್ಲ ಎನ್ನುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮಸೀದಿಯ ಕತೆಯೂ ಹಾಗೇ. ಬಿಜಾಪುರದವರ ಸರದಾರ ಅಸದ್ ಖಾನ್ ಲಾರಿ 1519ರಲ್ಲಿ ಕಟ್ಟಿಸಿದ ಸಫಾ ಮಸೀದಿಯ ಎರಡು ಕಂಬಗಳ ಮೇಲೆ ಅದಕ್ಕೂ ಹಳೆಯ ಬರಹವಿದೆ: ಒಂದು 1199ರದ್ದು, ಅದೇ ಕಾರ್ತವೀರ್ಯನದು, ಇನ್ನೊಂದು 1261ರದ್ದು, ಸೇವುಣರ ಕೃಷ್ಣನದು. ಒಡೆದದ್ದು ಯಾವುದು, ಉಳಿದದ್ದು ಯಾವುದು ಎಂದು ಜಗಳಕ್ಕೆ ನಿಲ್ಲುವವರು ನಿಲ್ಲಲಿ. ಸುತ್ತು ಹಾಕಿದವನಿಗೆ ಕಾಣುವುದು ಬೇರೆ. ಒಂದೇ ಕಲ್ಲು ಬಸದಿಯ ಕಾಲದ ರಾಜನ ಬರಹವನ್ನೂ ಹೊತ್ತಿದೆ, ಅಲ್ಲಾನ ಮಾಡನ್ನೂ ಹೊತ್ತಿದೆ. ಬಸದಿಗೆ ಮಾತ್ರ ಹೋಗಿ ಬಂದವನಿಗೂ, ಮಸೀದಿಗೆ ಮಾತ್ರ ಹೋಗಿ ಬಂದವನಿಗೂ ಇದು ತಿಳಿಯುವುದಿಲ್ಲ.

ಆಶ್ರಮ ಇತ್ತೀಚಿನದು, ಈ ಶತಮಾನದ ಆರಂಭದ್ದು. ಆದರೆ ಅದರ ಬೇರು 1892ರ ಅಕ್ಟೋಬರ್‌ಗೆ ಹೋಗುತ್ತದೆ. ಆಗಿನ್ನೂ ಷಿಕಾಗೋದ ಭಾಷಣ ಆಗಿರಲಿಲ್ಲ, ಲೋಕಕ್ಕೆ ವಿವೇಕಾನಂದರು ಯಾರೆಂದು ಗೊತ್ತಿರಲಿಲ್ಲ. ಊರೂರು ತಿರುಗುತ್ತ ಬಂದ ಆ ಸಂನ್ಯಾಸಿ ಮೊದಲು ವಕೀಲ ಸದಾಶಿವ ಭಾಟೆಯವರ ಮನೆಯಲ್ಲಿದ್ದರು. ಆಮೇಲೆ ಒಂಬತ್ತು ದಿನ ಕೋಟೆಯೊಳಗಿನ ಬಂಗಲೆಯಲ್ಲಿ, ಅರಣ್ಯಾಧಿಕಾರಿ ಹರಿಪದ ಮಿತ್ರರ ಅತಿಥಿ. ಮಿತ್ರರು ಬರೆದಿಟ್ಟ ನೆನಪುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು: ಸ್ವಾಮೀಜಿ ಮಾತಿನ ನಡುವೆ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಿಂದ ಪುಟಗಟ್ಟಲೆ ಬಾಯಿಪಾಠ ಒಪ್ಪಿಸಿದರು, ಎಷ್ಟು ಸಲ ಓದಿದ್ದೀರಿ ಎಂದು ಕೇಳಿದರೆ ಎರಡೇ ಸಲ ಎಂದರು. ಮಿತ್ರರ ಒತ್ತಾಯಕ್ಕೆ ಊರಿನ ಸ್ಟುಡಿಯೋದಲ್ಲಿ ಕೂತು ತೆಗೆಸಿಕೊಂಡ ಫೋಟೋ ಇಂದಿಗೂ ಉಳಿದಿದೆ. ಮಿತ್ರರೂ ಅವರ ಹೆಂಡತಿಯೂ ಸ್ವಾಮೀಜಿಯಿಂದ ದೀಕ್ಷೆ ಪಡೆದರು. ಅಲ್ಲಿಂದ ಸ್ವಾಮೀಜಿ ಗೋವೆಯ ಕಡೆ ಹೊರಟರು.

ಮಾವ ನಮ್ಮನ್ನು ಕರೆದೊಯ್ಯುತ್ತಿದ್ದ ಕಾಲಕ್ಕೆ ಅಲ್ಲಿ ಆಶ್ರಮ ಇರಲಿಲ್ಲ. "ಇಲ್ಲೇ ಎಲ್ಲೋ ಸ್ವಾಮಿಗೋಳು ಇದ್ರಂತ" ಎಂದು ಮರಗಳ ಕಡೆ ಕೈ ತೋರಿಸುತ್ತಿದ್ದರು, ಅಷ್ಟೇ. ಈಗ ಆ ಮನೆ ಸ್ಮಾರಕವಾಗಿದೆ, ಪಕ್ಕದಲ್ಲಿ ದೇವಾಲಯ ಎದ್ದಿದೆ, ಅಂಗಳದಲ್ಲಿ ಒಂದು ಒಣ ಎಲೆ ಇಲ್ಲ. ಅದನ್ನು ನೋಡಿ ನನಗೆ ಸಂತೋಷವಾಗುತ್ತದೆ. ಇದನ್ನು ಒತ್ತಿ ಹೇಳಬೇಕು. ಆಶ್ರಮ ಬಾರದೆ ಇದ್ದಿದ್ದರೆ ಆ ಬಂಗಲೆಯ ಹೆಂಚು ಇಷ್ಟೊತ್ತಿಗೆ ನೆಲ ಕಂಡಿರುತ್ತಿತ್ತು. ದುಃಖ ಶುರುವಾಗುವುದು ಆಶ್ರಮದ ಗೇಟಿನಿಂದ ಹೊರಗೆ ಬಂದ ಮೇಲೆ. ಒಂದೊಂದು ಪ್ರಾರ್ಥನೆಯ ಮನೆಗೂ ಅದರದರ ಗೋಡೆ, ಅದರದರ ಬಾಗಿಲು, ಅದನ್ನು ಪ್ರೀತಿಯಿಂದ ನೋಡಿಕೊಳ್ಳುವ ಜನ. ಎಲ್ಲವನ್ನೂ ಎಂಟು ನೂರು ವರ್ಷ ಕಾದ ದೊಡ್ಡ ಗೋಡೆಗೆ ಮಾತ್ರ ಭಕ್ತರಿಲ್ಲ. ಕೊನೆಯ ಸಲ ಹೋದಾಗ ಒಂದು ಕೊತ್ತಳದ ಸಂದಿಯಲ್ಲಿ ನನ್ನ ತೋಳಿನಷ್ಟು ದಪ್ಪದ ಅರಳಿ ಬೇರು ಎರಡು ಕಲ್ಲುಗಳನ್ನು ಸರಿಸಿಬಿಟ್ಟಿತ್ತು. ನಡುವಿನ ಸುಣ್ಣದ ಗಾರೆ ಬೆರಳಿಗೆ ಹಿಟ್ಟಾಗಿ ಉದುರುತ್ತಿತ್ತು. ಕೆಳಗೆ ಕಂದಕದಲ್ಲಿ ಪೊದೆ, ಪ್ಲಾಸ್ಟಿಕ್ಕು. ನಾವು ನಡೆಯುತ್ತಿದ್ದ ಕಾಲುದಾರಿ ಮುಳ್ಳುಕಂಟಿಯಲ್ಲಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕೋಟೆ ಮಠವಾಗುವುದು ನಮ್ಮಲ್ಲಷ್ಟೇ ಅಲ್ಲ. ಐರ್ಲೆಂಡಿನ ಪಶ್ಚಿಮದಲ್ಲಿ ಕೈಲ್‌ಮೋರ್ ಎಂಬಲ್ಲಿ, ಸರೋವರದ ದಂಡೆಗೆ, ಮಿಚೆಲ್ ಹೆನ್ರಿ ಎಂಬ ಸಿರಿವಂತ 1867ರಿಂದ ಮುಂದೆ ಒಂದು ಕೋಟೆಮನೆ ಕಟ್ಟಿಸಿದ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಈಪ್ರ್ ಊರು ಗುಂಡಿಗೆ ಸಿಕ್ಕಾಗ ಅಲ್ಲಿಂದ ಪಾರಾಗಿ ಬಂದ ಬೆನೆಡಿಕ್ಟೈನ್ ಸಂನ್ಯಾಸಿನಿಯರು 1920ರಲ್ಲಿ ಅದನ್ನು ಕೊಂಡು ಮಠ ಮಾಡಿಕೊಂಡರು. ಅಲ್ಲಿಯೂ ಕಳೆದುಕೊಂಡದ್ದಿದೆ: ಅವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆ 2010ರಲ್ಲಿ ಮುಚ್ಚಿತು. ಆದರೆ ಕಟ್ಟಿಸಿದವನ ಮನೆ, ಅವನ ಚರ್ಚು, ಅವನ ತೋಟ ಎಲ್ಲ ಒಟ್ಟಿಗೇ ಉಳಿದವು, ಏಕೆಂದರೆ ಇಡೀ ಜಾಗಕ್ಕೆ ಒಂದೇ ಮನೆತನದ ಕಾಳಜಿ ಇತ್ತು. ನಮ್ಮ ಕೋಟೆಯೊಳಗೆ ಮನೆತನಗಳು ಹಲವು. ಅದು ಕೊರತೆಯಲ್ಲ, ಬೆಳಗಾವಿಯ ಭಾಗ್ಯ. ಮಾವನಂಥವರು ಒಂದು ಮನೆಯಿಂದ ಇನ್ನೊಂದಕ್ಕೆ ಮಕ್ಕಳ ಕೈಹಿಡಿದು ನಡೆಸುತ್ತಿದ್ದಷ್ಟು ದಿನ ಅದು ಭಾಗ್ಯವೆಂದು ನಮಗೂ ತಿಳಿಯುತ್ತಿತ್ತು.

ಮಾವ ಹೋಗಿ ಬಹಳ ವರ್ಷವಾಯಿತು. ಮಗಳ ಮಕ್ಕಳು ಅದೇ ಊರಲ್ಲಿದ್ದಾರೆ. ಕಿಲ್ಲಾ ಕೆರೆಯ ದಂಡೆಯ ಎತ್ತರದ ಧ್ವಜಸ್ತಂಭದ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ, ರಸ್ತೆ ದಾಟಿದರೆ ಕೋಟೆ ಎಂಬುದೂ ಅವರಿಗೆ ಗೊತ್ತು. ಒಳಗೆ ಸುತ್ತು ಹಾಕಿದ್ದೀರಾ ಎಂದರೆ, "ಅಲ್ಲೇನದ ಕಾಕಾ?" ಎನ್ನುತ್ತಾರೆ. ಏನಿದೆ ಎಂದು ಹೇಳಿಕೊಡುವ ಜನವೇ ಇಲ್ಲವಾದಾಗ ಆ ಹುಡುಗರನ್ನು ಬೈದು ಏನು ಮಾಡುವುದು?

ಆಶ್ರಮಕ್ಕೆ ಭಾನುವಾರ ಬರುವ ಮಕ್ಕಳಿದ್ದಾರೆ, ಬಸದಿಗೆ ದೂರದೂರದ ಯಾತ್ರಿಕರು ಬರುತ್ತಾರೆ. ಬಸದಿಯ ಹಿರಿಯರು, ಮಸೀದಿಯ ಹಿರಿಯರು, ಆಶ್ರಮದ ಸ್ವಾಮಿಗಳು ಒಂದು ಸಂಜೆ ಕೂತು ಮನಸ್ಸು ಮಾಡಿದರೆ, ಮುಳ್ಳು ಕಡಿದು ಕಂದಕದ ಗುಂಟ ಕಾಲುದಾರಿಯೊಂದನ್ನು ಬಿಡಿಸುವುದು ಆಗದ ಕೆಲಸವಲ್ಲ. ಲಂಡನ್ನಿನ ಆ ಎರಡು ಶಾಸನಗಳ ಪಡಿಯಚ್ಚು, ಓದಲು ಬರುವಂಥ ಈಗಿನ ಅಕ್ಷರದಲ್ಲಿ, ಬಸದಿಯಿಂದ ಮಸೀದಿಗೆ ಹೋಗುವ ದಾರಿಯಲ್ಲೇ ನಿಲ್ಲಬೇಕು. ನವನಗರದ ನಮ್ಮ ಓಣಿಯ ಹುಡುಗರಿಗಂತೂ ಹೇಳಿಟ್ಟಿದ್ದೇನೆ: ದಸರೆಯ ರಜೆಗೆ ಬೆಳಗಾವಿ, ಗಾಡಿ ಕೆರೆಯ ಹತ್ತಿರವೇ ಬಿಡುವುದು, ನೀರಿನ ಬಾಟಲಿ ಅವರವರದು, ಮೊದಲು ಕಂದಕ.