ಬೆಟ್ಟದ ದಾರಿಗೆ ತಕ್ಕ ಒರೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ವಾಯೋಮಿಂಗ್‌ನ ಪಶ್ಚಿಮದ ಅಂಚಿನಲ್ಲಿ ಆಫ್ಟನ್ ಎಂಬುದೊಂದು ಚಿಕ್ಕ ಪಟ್ಟಣ. ಜಾತ್ರೆಯ ಬೀದಿಗೆ ಮಾವಿನ ತೋರಣ ಕಟ್ಟಿದ ಹಾಗೆ ಅಲ್ಲಿನ ಹೆದ್ದಾರಿಯ ಮೇಲೆ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಒಂದು ಕಮಾನು ನಿಂತಿದೆ. ಅದು ಕಲ್ಲಿನದಲ್ಲ, ಮರದ್ದಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಕೊಂಬುಗಳದು. 75 ಅಡಿ ಅಗಲ, 18 ಅಡಿ ಎತ್ತರದ ಈ ಕಮಾನನ್ನು 1958ರಲ್ಲಿ ಕಟ್ಟಿದರು. ಅದಕ್ಕೆ ಕೂಡಿಸಿದ ಕೊಂಬುಗಳ ಸಂಖ್ಯೆ 3,011. ಹೊಸದಾಗಿ ಬಂದ ಪ್ರವಾಸಿಗೆ ಅದನ್ನು ಕಂಡೊಡನೆ ಇದು ಬೇಟೆಗಾರರ ಸೀಮೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಈ ಸೀಮೆಗೆ ಸ್ಟಾರ್ ವ್ಯಾಲಿ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ನಕ್ಷತ್ರ ಕಣಿವೆ. ಸಮುದ್ರ ಮಟ್ಟಕ್ಕಿಂತ ಸುಮಾರು ಆರು ಸಾವಿರ ಅಡಿ ಎತ್ತರದಲ್ಲಿ ಹಸುರು ಹುಲ್ಲುಗಾವಲುಗಳು ಹಾಸಿಕೊಂಡಿವೆ. ನಡುವೆ ಸಾಲ್ಟ್ ಎಂಬ ನದಿ ಉತ್ತರಾಭಿಮುಖವಾಗಿ ಹರಿದು ಸ್ನೇಕ್ ನದಿಯನ್ನು ಸೇರುತ್ತದೆ. ಪೂರ್ವಕ್ಕೆ ಹತ್ತು ಸಾವಿರ ಅಡಿಗೂ ಮಿಗಿಲಾದ ಶಿಖರಗಳ ಸಾಲು. ಪಶ್ಚಿಮಕ್ಕೆ ಐಡಹೋ ಸಂಸ್ಥಾನದ ಗುಡ್ಡಗಳು. ಆಫ್ಟನ್ನಿನ ಹಿಂದಣ ಕಮರಿಯಲ್ಲಿ ಒಂದು ವಿಚಿತ್ರವಾದ ಬುಗ್ಗೆಯಿದೆ. ಬೇಸಗೆಯ ಕೊನೆಯ ದಿನಗಳಲ್ಲಿ ಅದು ಕೆಲವು ನಿಮಿಷ ಭೋರ್ಗರೆದು ಹರಿಯುತ್ತದೆ, ಬಳಿಕ ತಾನಾಗಿಯೇ ನಿಲ್ಲುತ್ತದೆ, ಮತ್ತೆ ಹರಿಯುತ್ತದೆ. ಬೆಟ್ಟವೇ ಉಸಿರಾಡುತ್ತಿರುವಂತೆ ತೋರುವ ಈ ನೋಟಕ್ಕಾಗಿ ಮೈಲುಗಟ್ಟಲೆ ದೂರದಿಂದ ಜನ ಬರುತ್ತಾರೆ.

ಕಣಿವೆಯ ವಾಯವ್ಯಕ್ಕೆ, ಹೆದ್ದಾರಿಯಿಂದ ಒಳಕ್ಕೆ, ಫ್ರೀಡಂ ಎಂಬ ಹಳ್ಳಿಯಿದೆ. ಸ್ವಾತಂತ್ರ್ಯವೆಂಬ ಹೆಸರು ಈ ಊರಿಗೆ ಸುಮ್ಮನೆ ಬಂದುದಲ್ಲ. ಇಲ್ಲಿ 1879ರಲ್ಲಿ ನೆಲೆಸಿದವರು ಮಾರ್ಮನ್ ಪಂಥದ ಜನ. ಆ ಕಾಲದಲ್ಲಿ ಅವರಲ್ಲಿ ಬಹುಪತ್ನೀತ್ವ ರೂಢಿಯಲ್ಲಿತ್ತು. ಸರಕಾರ ಅದನ್ನು ಅಪರಾಧವೆಂದು ಎಣಿಸುತ್ತಿತ್ತು. ಎರಡು ಪ್ರಾಂತ್ಯಗಳ ಗಡಿರೇಖೆ ಊರಿನ ನಡುಬೀದಿಯಲ್ಲಿಯೇ ಹಾಯುವುದರಿಂದ, ಐಡಹೋದ ಅಧಿಕಾರಿ ಬಂದಾಗ ಬೀದಿಯನ್ನು ದಾಟಿ ವಾಯೋಮಿಂಗ್ ಸೇರಿಬಿಟ್ಟರೆ ಸೆರೆಯ ಭಯವಿರಲಿಲ್ಲವಂತೆ. ಬೀದಿಯ ಆಚೆ ದಸ್ತಗಿರಿ, ಈಚೆ ಸ್ವಾತಂತ್ರ್ಯ!

ಇದೇ ಹಳ್ಳಿಯ ಹೆಸರು ಇನ್ನೊಂದು ಕಾರಣದಿಂದಲೂ ಬೇಟೆಗಾರರ ನಾಲಗೆಯ ಮೇಲಿದೆ. 1983ರಲ್ಲಿ ಇಲ್ಲಿನ ಕಾರ್ಖಾನೆಯಿಂದ ಐದು ತೋಟಾಗಳ ಒಂದು ರಿವಾಲ್ವರ್ ಹೊರಬಂತು. ಡಿಕ್ ಕ್ಯಾಸುಲ್ ಎಂಬಾತ 1950ರ ದಶಕದಿಂದ ಪ್ರಯೋಗಮಾಡಿ ರೂಪಿಸಿದ್ದ .454 ಅಳತೆಯ ತೋಟಾಕ್ಕಾಗಿಯೇ ಮಾಡಿದ ಆಯುಧವದು. ಒಂದು ಕೈಬಂದೂಕಿನಿಂದ ಎಲ್ಕ್‌ನಂಥ ಮಹಾಮೃಗವನ್ನು ಕೆಡಹಬಹುದೆಂಬ ವಾದ ಅದಕ್ಕೂ ಹಿಂದಿನದು. ನೆರೆಯ ಐಡಹೋದ ಸ್ಯಾಮನ್ ಪಟ್ಟಣದಲ್ಲಿ ನೆಲೆಸಿದ್ದ ಎಲ್ಮರ್ ಕೀತ್ ಎಂಬ ಲೇಖಕ ಈ ವಾದವನ್ನು ಜೀವನವಿಡೀ ಸಾರಿದ. ಬಲವಾದ ತೋಟಾ ಬೇಕೆಂಬ ಆತನ ಒತ್ತಾಯದ ಫಲವಾಗಿ .44 ಮ್ಯಾಗ್ನಂ 1956ರಲ್ಲಿ ಮಾರುಕಟ್ಟೆಗೆ ಬಂದಿತು. 1967ರಲ್ಲಿ ಬಂದ ಕಂಟೆಂಡರ್ ಎಂಬ ಒಂಟಿತೋಟಾದ ಪಿಸ್ತೂಲಿಗೆ ಬೇಟೆಗೆ ತಕ್ಕಂತೆ ನಳಿಗೆಯನ್ನೇ ಬದಲಿಸಬಹುದಾಗಿತ್ತು.

ಇಂಥ ಆಯುಧಗಳ ನೆತ್ತಿಯ ಮೇಲೆ ಕ್ರಮೇಣ ದುರ್ಬೀನು ಬಂದು ಕುಳಿತಿತು. ರೈಫಲ್ಲಿನ ದುರ್ಬೀನಿಗೆ ಕಣ್ಣು ಮೂರು ನಾಲ್ಕು ಅಂಗುಲದಷ್ಟು ಸಮೀಪವಿರಬೇಕು. ಕೈಬಂದೂಕನ್ನಾದರೋ ತೋಳು ಚಾಚಿ ಹಿಡಿಯುವುದು. ಆದುದರಿಂದ ಒಂದೂವರೆ ಎರಡು ಅಡಿಯ ದೂರದಿಂದಲೇ ಸ್ಪಷ್ಟವಾಗಿ ತೋರುವ ಬೇರೆ ಬಗೆಯ ಗಾಜುಗಳನ್ನು ಜೋಡಿಸಬೇಕಾಯಿತು. ವಯಸ್ಸಾಗಿ ಕಣ್ಣು ಮಂಜಾದವರಿಗೆ ಇದು ದೊಡ್ಡ ವರವೆಂದೇ ಹೇಳಬೇಕು. ಆದರೆ ಪ್ರತಿಯೊಂದು ವರದ ಹಿಂದೆಯೂ ಒಂದು ತೊಡಕು ಇದ್ದೇ ಇರುತ್ತದೆ. ಏಳೂವರೆ ಅಂಗುಲದ ನಳಿಗೆ, ಮೂರು ಪೌಂಡಿನ ಉಕ್ಕು, ಅದರ ಮೇಲೆ ದುರ್ಬೀನು, ಅದನ್ನು ಬಿಗಿಯುವ ಬಳೆಗಳು: ಇಷ್ಟೂ ಕೂಡಿದ ವಸ್ತುವನ್ನು ಮೈಯ ಮೇಲೆ ಎಲ್ಲಿ ಹೊರುವುದು? ಈ ಪ್ರಶ್ನೆಗೆ ಉತ್ತರವೇ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ.

ಚಲನಚಿತ್ರಗಳಲ್ಲಿ ಕೌಬಾಯ್‌ಗಳನ್ನು ಕಂಡವರಿಗೆ ಒರೆಯೆಂದರೆ ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತದೆ. ತೊಡೆಯ ಮೇಲೆ ತೂಗುವ ಚರ್ಮ, ಮಿಂಚಿನಂತೆ ಹೊರಬರುವ ಪಿಸ್ತೂಲು, ಎದುರಾಳಿಯ ಪತನ. ಬೇಟೆಗಾರನ ಒರೆಗೂ ಆ ಒರೆಗೂ ಅಜಗಜಾಂತರ. ಎಲ್ಕ್ ಯಾರ ಮೇಲೂ ಗುಂಡು ಹಾರಿಸುವುದಿಲ್ಲ; ಆದುದರಿಂದ ಬೇಟೆಗಾರನಿಗೆ ಕ್ಷಣಾರ್ಧದಲ್ಲಿ ಆಯುಧವನ್ನು ಹಿರಿಯುವ ಅವಸರವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಏಳುವ, ಬೀಳುವ, ತೆವಳುವ ಮೈಯ ಮೇಲೆ ಆಯುಧ ಹೇಗೆ ಹೊರಟಿತೋ ಹಾಗೆಯೇ ಉಳಿಯಬೇಕು. ಎರಡು ಕೈಗಳೂ ಬೆಟ್ಟಕ್ಕೆ ಬಿಡುವಾಗಿರಬೇಕು. ಬೇಗ ತೆಗೆಯುವುದಲ್ಲ, ಚೆನ್ನಾಗಿ ಕಾಯುವುದೇ ಈ ಒರೆಯ ಧರ್ಮ.

ಮೊದಲು ಮನಸ್ಸಿಗೆ ಬರುವ ಸ್ಥಾನ ಸೊಂಟ. ಬರಿಯ ರಿವಾಲ್ವರಿಗೆ ಅದು ಸಹಜವಾದ ಎಡೆ. ದುರ್ಬೀನು ಕೂಡಿದೊಡನೆ ಭಾರವೆಲ್ಲ ಮೇಲಕ್ಕೆ ಬಂದು ಒರೆ ಹೊರಕ್ಕೆ ವಾಲುತ್ತದೆ. ಬೆನ್ನಚೀಲದ ನಡುಪಟ್ಟಿಯೂ ಸೊಂಟವನ್ನೇ ಕೇಳುತ್ತದೆ. ಜೀನಿನ ಮೇಲೆ ಕುಳಿತರೆ ಉದ್ದನೆಯ ನಳಿಗೆಯ ತುದಿ ಜೀನಿಗೆ ತಗಲಿ ಒರೆ ಪಕ್ಕೆಯವರೆಗೆ ಏರುತ್ತದೆ. ಕುದುರೆಯ ಮೇಲೆಯೇ ಬಹಳ ಹೊತ್ತು ಕಳೆಯುವವರು ಒರೆಯನ್ನು ಎಡಸೊಂಟದ ಮುಂಭಾಗಕ್ಕೆ ಓರೆಯಾಗಿ ಕಟ್ಟಿ, ಬಲಗೈಯನ್ನು ಅಡ್ಡಹಾಯಿಸಿ ತೆಗೆಯುವುದುಂಟು. ಕುಳಿತಾಗ ಅದು ಹಿತ. ನಡೆಯುವಾಗ ಪೊದೆಗಳಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು ಕಂಕುಳು. ಹೆಗಲಿನಿಂದ ಪಟ್ಟಿಗಳನ್ನು ಇಳಿಬಿಟ್ಟು, ನಳಿಗೆ ನೆಲಮುಖವಾಗಿರುವಂತೆ ತೋಳಿನ ಅಡಿಯಲ್ಲಿ ತೂಗಹಾಕುವುದು. ಮೇಲೆ ಅಂಗಿಯಿರುವುದರಿಂದ ಹಿಮ, ಮಳೆಗಳು ದುರ್ಬೀನಿನ ಗಾಜನ್ನು ಮುಟ್ಟುವುದಿಲ್ಲ. ಮೈಯ ಬಿಸಿಯಲ್ಲಿದ್ದ ಗಾಜು ಚಳಿಗಾಳಿಗೆ ಬಂದೊಡನೆ ಉಸಿರು ತಗಲಿದರೆ ಮಂಜುಗಟ್ಟುವ ಸಂಭವವಂತೂ ಉಂಟು. ಗುಂಡಿಗಳನ್ನು ಬಿಚ್ಚುವ ತಡವೂ ಉಂಟು. ಒರೆಯ ತುದಿಯನ್ನು ನಡುಪಟ್ಟಿಗೆ ಕಟ್ಟದಿದ್ದರೆ ಇಳಿಜಾರಿನಲ್ಲಿ ಅದು ಗಂಟೆಯ ನಾಲಗೆಯಂತೆ ಓಲಾಡುತ್ತದೆ.

ಮೂರನೆಯದು ಎದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಟ್ಯಾಂಕಿನ ಸೈನಿಕರಿಗೂ ವಿಮಾನದ ಸಿಬ್ಬಂದಿಗೂ ಇಕ್ಕಟ್ಟಾದ ಪೀಠಗಳಲ್ಲಿ ಸೊಂಟದ ಒರೆ ಅಡ್ಡಬರುತ್ತಿದ್ದುದರಿಂದ ಪಿಸ್ತೂಲನ್ನು ಎಡ ಎದೆಯ ಬಳಿ ಹೊರುವ ಒರೆ ಬಳಕೆಗೆ ಬಂದಿತು. ಯುದ್ಧ ಮುಗಿದರೂ ಆ ವಿನ್ಯಾಸ ಉಳಿಯಿತು. ಅಲಾಸ್ಕದಲ್ಲಿ ಬೆಸ್ತರಿಗೂ ಬೇಟೆಯ ಮಾರ್ಗದರ್ಶಕರಿಗೂ ಅದು ಅಚ್ಚುಮೆಚ್ಚಾಯಿತು. ಸೊಂಟದ ಮಟ್ಟ ಹೊಳೆಯಲ್ಲಿ ನಿಂತರೂ ಆಯುಧ ನೆನೆಯುವುದಿಲ್ಲ; ಬೆನ್ನಚೀಲಕ್ಕೂ ಜೀನಿಗೂ ತೊಡಕಾಗುವುದಿಲ್ಲ; ಎರಡು ಕೈಗಳಲ್ಲಿ ಯಾವುದಕ್ಕಾದರೂ ಎಟಕುತ್ತದೆ. ದುರ್ಬೀನಿನ ಕೈಬಂದೂಕನ್ನು ಹೊರುವ ಬಹುಮಂದಿ ಕೊನೆಗೆ ಎದೆಗೇ ಬಂದು ನಿಲ್ಲುವುದು ಇದರಿಂದಲೇ. ಆದರೆ ಎದೆಗೂ ಒಂದು ಮಿತಿಯಿದೆ. ಹೊಟ್ಟೆಯ ಮೇಲೆ ತೆವಳುವಾಗ ಆಯುಧ ನೆಲಕ್ಕೆ ಒತ್ತುತ್ತದೆ. ಮೃಗವನ್ನು ಹುಡುಕುವ ಜೋಡಿ ದುರ್ಬೀನು ಕೂಡ ಅದೇ ಎದೆಯ ಮೇಲೆ ಸ್ಥಳ ಕೇಳುತ್ತದೆ.

ಮಲೆಗಳಲ್ಲಿ ಬಾಳುವ ಜನ ಎಲ್ಲೆಡೆಯೂ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಕನ್ನಡ ನಾಡಿನ ಕೊಡಗಿನಲ್ಲಿ ಅಗಲವಾದ ಒಡಿಕತ್ತಿಯನ್ನು ಬೆನ್ನ ಹಿಂದೆ ನಡುಪಟ್ಟಿಗೆ ಸೇರಿಸಿದ ತೊಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ ಸಿಕ್ಕಿಸುವ ಪದ್ಧತಿಯಿದೆ. ಚಿಕ್ಕದಾದ ಪೀಚೆಕತ್ತಿ ಮುಂಭಾಗದ ಚೇಲೆಯಲ್ಲಿ ನಿಲ್ಲುತ್ತದೆ. ದೊಡ್ಡದು ಹಿಂದೆ, ಚಿಕ್ಕದು ಮುಂದೆ, ಕೈಗಳೆರಡೂ ಖಾಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆಯ ಕಾಲ ಮುಗಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಆಯುಧಗಳಿಗೆ ಹೂವೇರಿಸುವ ಸಂಪ್ರದಾಯ ಮಾತ್ರ ಕೊಡಗಿನಲ್ಲಿ ಉಳಿದಿದೆ. ಹೊರುವ ವಿದ್ಯೆ ಆಯುಧದಷ್ಟೇ ಹಳೆಯದೆಂಬುದಕ್ಕೆ ತೊಡಂಗ್ ಒಂದು ಸಾಕ್ಷಿ.

ಸ್ಥಳ ಗೊತ್ತಾದ ಮೇಲೆ ಒರೆಯ ಒಳಗನ್ನು ನೋಡಬೇಕು. ಆಯುಧದ ಭಾರವನ್ನು ಒರೆ ತಾಳಬೇಕಾದುದು ಚೌಕಟ್ಟಿನ ಮೇಲೆ, ನಳಿಗೆಯ ಮೇಲೆ. ಎಂದಿಗೂ ದುರ್ಬೀನಿನ ಮೇಲಲ್ಲ. ಇದೇಕೆಂಬುದನ್ನು ಒಂದು ಸಣ್ಣ ಲೆಕ್ಕ ತಿಳಿಸುತ್ತದೆ. ದುರ್ಬೀನನ್ನು ಹಿಡಿದ ಎರಡು ಬಳೆಗಳ ನಡುವೆ ನಾಲ್ಕು ಅಂಗುಲ ಅಂತರವಿದೆ ಎಂದಿಟ್ಟುಕೊಳ್ಳೋಣ. ಒಂದು ತುದಿ ಅಂಗುಲದ ನೂರರಲ್ಲಿ ಒಂದು ಪಾಲು ಸರಿದರೆ, ನೂರು ಗಜದ ಆಚೆ ಗುಂಡು ಒಂಬತ್ತು ಅಂಗುಲ ತಪ್ಪುತ್ತದೆ. ಕಾಗದದ ಗುರಿಯಲ್ಲಿ ಒಂಬತ್ತು ಅಂಗುಲವೆಂದರೆ ಒಂದು ಸೋಲು, ಅಷ್ಟೆ. ಎಲ್ಕ್‌ನ ಮೈಯಲ್ಲಿ ಅದು ಶ್ವಾಸಕೋಶಕ್ಕೂ ಹೊಟ್ಟೆಗೂ ಇರುವ ಅಂತರ. ಕ್ಷಣದಲ್ಲಿ ಬರುವ ಸಾವಿಗೂ, ಕಾಡಿನೊಳಗೆ ಹೋಗಿ ಗಂಟೆಗಟ್ಟಲೆ ನರಳಿ ಬರುವ ಸಾವಿಗೂ ಇರುವ ಅಂತರ. ಒರೆಯ ಆಯ್ಕೆಯಲ್ಲಿ ಪಣಕ್ಕಿರುವುದು ಬೇಟೆಗಾರನ ಸುಖವಲ್ಲ, ಮೃಗದ ಸಂಕಟ.

ಒರೆಯನ್ನು ಚರ್ಮದಲ್ಲಿ ಮಾಡಿಸುವುದೋ ನೈಲಾನಿನಲ್ಲೋ ಎಂಬುದು ಮುಂದಿನ ಚರ್ಚೆ. ನೆನೆಸಿದ ಚರ್ಮವನ್ನು ಆಯುಧದ ಆಕಾರಕ್ಕೆ ಒತ್ತಿ ಒಣಗಿಸಿದರೆ ಅದು ಎರಡನೆಯ ತ್ವಚೆಯಂತೆ ಕೂಡುತ್ತದೆ. ಪೊದೆಗೆ ತಗಲಿದರೂ ಹೆಚ್ಚು ಸದ್ದಾಗದು. ಆದರೆ ನೆನೆದರೆ ಬೇಗ ಒಣಗದು. ಚರ್ಮದೊಳಗೆ ಬಹುಕಾಲ ಇಟ್ಟುಬಿಟ್ಟ ಉಕ್ಕಿಗೆ ತುಕ್ಕು ಹಿಡಿಯುವ ಭಯವಿದೆ. ಮೆತ್ತೆಯಿಟ್ಟು ಹೊಲಿದ ನೈಲಾನು ಹಗುರ, ಅಗ್ಗ, ಬೇಗ ಒಣಗುತ್ತದೆ, ಬಗೆಬಗೆಯ ದುರ್ಬೀನುಗಳಿಗೆ ಹೊಂದಿಕೊಳ್ಳುತ್ತದೆ. ಅದರ ಅಂಟುಪಟ್ಟಿಯನ್ನು ಎಳೆದಾಗ ಬರುವ ಚರಚರ ಸದ್ದು ಮಾತ್ರ ಬೆಳಗಿನ ನಿಶ್ಶಬ್ದದಲ್ಲಿ ಬಹುದೂರದ ಕಿವಿಗೂ ಬೀಳುತ್ತದೆ.

ಯಾವುದನ್ನು ಕೊಂಡರೂ ಮೂರು ನಿಯಮಗಳನ್ನು ಬಲ್ಲವರು ಬಿಡುವುದಿಲ್ಲ. ಟ್ರಿಗರ್ ಪೂರ್ತಿಯಾಗಿ ಮುಚ್ಚಿರಬೇಕು. ಮುಗ್ಗರಿಸಿ ಬಿದ್ದರೂ ಆಯುಧ ಜಾರದಂತೆ ಮೇಲೊಂದು ಪಟ್ಟಿ ಬಿಗಿದಿರಬೇಕು. ನಳಿಗೆಯ ಬಾಯಿ ಹಿಂದೆ ಬರುವ ಸಂಗಡಿಗನ ಕಡೆಗಾಗಲಿ, ತನ್ನ ಮೈಯ ಕಡೆಗಾಗಲಿ, ಕುದುರೆಯ ಕತ್ತಿನ ಕಡೆಗಾಗಲಿ ತಿರುಗಿರಬಾರದು. ಹಳೆಯ ಮಾದರಿಯ ರಿವಾಲ್ವರನ್ನು ಹೊರುವವರು ಹ್ಯಾಮರ್ ಕೆಳಗಿನ ಕೋಣೆಯನ್ನು ಬರಿದಾಗಿಯೇ ಬಿಡುತ್ತಾರೆ. ಐದು ತೋಟಾಗಳ ಆಯುಧದಲ್ಲಿ ನಾಲ್ಕೇ ಸಾಕೆಂಬ ಸಂಯಮ ಅವರದು.

ಚರ್ಮದ ಕುಶಲಕರ್ಮಿ ಒರೆಯನ್ನು ಹೊಲಿಯುವ ಮುನ್ನ ಕೇಳುವ ಪ್ರಶ್ನೆಗಳು ವರನ ಕಡೆಯವರ ವಿಚಾರಣೆಯನ್ನು ನೆನಪಿಗೆ ತರುತ್ತವೆ. ನಳಿಗೆಯ ಉದ್ದವೆಷ್ಟು? ದುರ್ಬೀನು ಯಾವುದು, ಅದರ ಮುಂಗಾಜಿನ ಅಗಲವೆಷ್ಟು? ಬಳೆಗಳು ಎಲ್ಲಿ ಕುಳಿತಿವೆ? ಬಲಗೈಯೋ, ಎಡಗೈಯೋ? ಎದೆಯ ಸುತ್ತಳತೆಯನ್ನು ದಪ್ಪ ಅಂಗಿಯ ಮೇಲೆ ತೆಗೆದುದೋ, ಬರಿಯ ಅಂಗಿಯ ಮೇಲೋ? ಕೊನೆಯ ಪ್ರಶ್ನೆಯನ್ನು ಮರೆತವನು ಹಿಮ ಬಿದ್ದ ದಿನ ಪಟ್ಟಿ ಸಾಲದೆ ಪೇಚಾಡುತ್ತಾನೆ.

ಒರೆ ಬಂದ ಮೇಲೂ ಪರೀಕ್ಷೆಯಿದೆ. ತೋಟಾಗಳನ್ನು ತೆಗೆದಿಟ್ಟು, ಬೆನ್ನಚೀಲವನ್ನೂ ಅಂಗಿಯನ್ನೂ ತೊಟ್ಟು, ಮೆಟ್ಟಿಲು ಹತ್ತಿ ಇಳಿದು, ಕುಕ್ಕರಿಸಿ ಎದ್ದು ನೋಡಬೇಕು. ಆಮೇಲೆ ಗುಂಡಿನ ಅಭ್ಯಾಸದ ಬಯಲಿನಲ್ಲಿ ಗುರಿಯನ್ನು ಸರಿಪಡಿಸಿಕೊಂಡು, ಇಡೀ ದಿನ ಒರೆಯಲ್ಲಿ ಹೊತ್ತು ತಿರುಗಿ, ಮರಳಿ ಅದೇ ಗುರಿಗೆ ಹಾರಿಸಬೇಕು. ಗುಂಡು ಹಿಂದಿನ ತೂತಿನ ಬಳಿಯೇ ಬಿದ್ದರೆ ಆ ಒರೆ ತನ್ನ ಧರ್ಮವನ್ನು ಪಾಲಿಸಿತು. ಇಲ್ಲವಾದರೆ ಅದರ ಮೇಲಿನ ಹೂಬಳ್ಳಿಯ ಕೆತ್ತನೆ ಎಷ್ಟು ಚೆಲುವಾಗಿದ್ದರೇನು?

ಅಕ್ಟೋಬರಿನ ನಸುಕಿನಲ್ಲಿ ಈ ಬೆಟ್ಟಗಳಿಗೆ ಏರುವವನ ಪಾಡನ್ನು ಊಹಿಸಬಹುದು. ಆಸ್ಪೆನ್ ಮರಗಳ ಎಲೆ ಹೊನ್ನಾಗಿ ಉದುರಿದೆ; ಇಳಿಜಾರಿನ ಸಡಿಲುಗಲ್ಲಿನ ಮೇಲೆ ಕಾಲು ಜಾರುತ್ತದೆ; ಕೆಳಗೆ ಬಿದ್ದವನ ಎದೆಯ ಒರೆ ಬಂಡೆಗೆ ಬಡಿಯುತ್ತದೆ. ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ಎಪ್ಪತ್ತು ಗಜದಾಚೆ, ಮಂಜಿನ ನಡುವೆ, ಕವಲುಗೊಂಬಿನ ಗಂಡು ಎಲ್ಕ್ ಬಂದು ನಿಂತಿದೆ. ಎಷ್ಟೋ ದಿನಗಳಿಂದ ಕಾದಿದ್ದ ಕ್ಷಣ. ಆದರೆ ಪೆಟ್ಟು ತಿಂದ ದುರ್ಬೀನು ಇನ್ನೂ ನೇರವಾಗಿದೆಯೆಂದು ಯಾರು ಹೇಳಬಲ್ಲರು? ಸಂದೇಹವಿದ್ದಾಗ ಹಾರಿಸದಿರುವವನೇ ನಿಜವಾದ ಬೇಟೆಗಾರ. ಪಟ್ಟಿಯನ್ನು ಬಿಚ್ಚದೆ ಆತ ಸುಮ್ಮನೆ ನೋಡುತ್ತಾನೆ. ಎಲ್ಕ್ ಕಿವಿ ನಿಮಿರಿಸಿ, ತಿರುಗಿ, ಮರಗಳ ಮರೆಗೆ ಸರಿಯುತ್ತದೆ. ಮೊದಲ ಕೆಲಸ ಮರಳಿ ಹೋಗಿ ಕಾಗದದ ಗುರಿಗೆ ಹಾರಿಸಿ ನೋಡುವುದು.

ಸಂಜೆ ಆತ ಬರಿಗೈಯಲ್ಲಿ ಆಫ್ಟನ್ನಿನ ಕಮಾನಿನ ಕೆಳಗೆ ಹಾಯ್ದು ಮನೆಗೆ ಹೋಗುತ್ತಾನೆ. ಗಂಡು ಎಲ್ಕ್ ವರ್ಷಕ್ಕೊಮ್ಮೆ ತಾನಾಗಿಯೇ ಕೊಂಬನ್ನು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುವ ಪ್ರಾಣಿ. ಬೆಳಗ್ಗೆ ಮಂಜಿನೊಳಗೆ ಮರೆಯಾದುದು ಬರುವ ವಸಂತದಲ್ಲಿ ತನ್ನ ಕೊಂಬುಗಳನ್ನು ಯಾವುದೋ ಪೊದೆಯ ಬಳಿ ಬಿಟ್ಟು ಮುಂದೆ ನಡೆದೀತು.