ಎತ್ತಿನ ಹಲ್ಲೂ ವಿದ್ಯುದ್ವಾಹನದ ಆಯುಷ್ಯವೂ

ಮಹಾಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯಲ್ಲಿ ನೆರೆಯುವ ದನಗಳ ಜಾತ್ರೆಯನ್ನು ಕಾಣದವರು ಈ ಸಂಚಿಕೆಯ ಓದುಗರಲ್ಲಿ ವಿರಳ. ಅಲ್ಲಿ ಹಳ್ಳಿಕಾರ್ ಜೋಡಿಯೊಂದನ್ನು ಕೊಳ್ಳಲು ಬಂದ ರೈತನು ಮೊದಲು ಸುಳಿ ನೋಡುತ್ತಾನೆ, ಬಳಿಕ ನಡಿಗೆ ನೋಡುತ್ತಾನೆ, ಕಡೆಗೆ ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದುದೋ ಎಂಬುದು ತಿಳಿದ ಮೇಲೆಯೇ ದಲ್ಲಾಳಿಯ ಟವಲಿನ ಮರೆಯಲ್ಲಿ ಬೆರಳುಗಳು ಬೆಲೆಯ ಮಾತಾಡತೊಡಗುತ್ತವೆ.

ಈ ವಿದ್ಯೆಯಲ್ಲಿ ಪಳಗಿದ ಹಿರಿಯರೊಬ್ಬರು ಕ್ಯಾತ್ಸಂದ್ರದಲ್ಲಿದ್ದಾರೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು. ಅವರ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಎರಡು ವರ್ಷಗಳ ಹಿಂದೆ ಸೊಸೆಯ ವಿದ್ಯುತ್ ಸ್ಕೂಟರು ಅಲ್ಲಿಗೆ ಬಂದಿತು. ಗೋದಲಿಯ ಮೇಲಣ ಗೋಡೆಗೆ ಪ್ಲಗ್ಗು ಕೂಡಿಸಲಾಯಿತು. ಸುಮಾರು ಮೂರು ಯೂನಿಟ್ಟು ವಿದ್ಯುತ್ತನ್ನು ಉಂಡು ಅದು ನಾಲ್ಕೈದು ದಿನ ತುಮಕೂರಿನ ಶಾಲೆಗೆ ಹೋಗಿ ಬರುತ್ತದೆ. "ಗಾಡಿಗೆ ಮೇವು ಹಾಕಿದೆಯೇನಮ್ಮ?" ಎಂದು ರಾತ್ರಿ ಹಿರಿಯರು ಕೇಳುವುದೂ, "ಹಾಕಿದೀನಿ ಮಾವ" ಎಂದು ಆಕೆ ನಗುವುದೂ ಆ ಮನೆಯ ವಾಡಿಕೆಯಾಗಿದೆ. ಸ್ಕೂಟರಿನ ಮಟ್ಟಿಗೆ ಅಲ್ಲಿ ಯಾವ ವಿವಾದವೂ ಇಲ್ಲ.

ವಿವಾದ ಹುಟ್ಟಿದ್ದು ಕಾರಿನಿಂದ. ಮನೆಯೊಡತಿಗೆ ಮಂಡಿನೋವು, ಸ್ಕೂಟರಿನ ಹಿಂದೆ ಕುಳಿತು ಕುಣಿಗಲ್ಲಿನ ನಂಟರ ಮನೆಗೋ ಗುಬ್ಬಿಯ ಜಾತ್ರೆಗೋ ಹೋಗುವ ಕಾಲ ಮುಗಿಯಿತು. ಹೊಸ ವಿದ್ಯುತ್ ಕಾರಿನ ಬೆಲೆ ಮಗನ ಕೈಗೆ ಎಟುಕದು. ನಾಲ್ಕು ವರ್ಷ ಓಡಿದ ಕಾರೊಂದು ತುಮಕೂರಿನಲ್ಲಿ ಮಾರಾಟಕ್ಕಿದೆ ಎಂದು ಅವನು ಸುದ್ದಿ ತಂದನು. ಕೂಡಿಟ್ಟ ಹಣವೆಲ್ಲ ಅದಕ್ಕೇ ಹೋಗಬೇಕು. ಹಿರಿಯರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಇದರ ಹಲ್ಲು ನೋಡೋದು ಹೇಗಪ್ಪ?"

ವಿದ್ಯುತ್ತಿಗೆ ವಾಹನ ಸೇರಿ ಜಶ್ತ್ವಸಂಧಿಯಿಂದ ವಿದ್ಯುದ್ವಾಹನವಾಯಿತೆಂದು ತರಗತಿಯಲ್ಲಿ ಹೇಳುವುದು ಸುಲಭ. ಲೋಕದಲ್ಲಿ ಆ ಎರಡೂ ಸೇರಿ ಬಾಳುವುದಕ್ಕೆ ಬಹುಕಾಲ ಬೇಕಾಯಿತು. 1899ರಲ್ಲಿಯೇ ಬೆಲ್ಜಿಯಂ ದೇಶದ ಜೆನಾಟ್ಜಿ ಎಂಬಾತನು ವಿದ್ಯುತ್ ಕಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರಿನ ವೇಗವನ್ನು ಮೀರಿದ್ದನು. ಆದರೆ ಪೆಟ್ರೋಲು ಅಗ್ಗವಾಯಿತು, ಭಾರವಾದ ಸೀಸದ ಬ್ಯಾಟರಿ ಹಿಂದೆ ಬಿದ್ದಿತು. ನಮ್ಮ ನಾಡಿನಲ್ಲಿ 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಚೇತನ್ ಮೈನಿಯವರ 'ರೇವಾ' ಎಂಬ ಪುಟ್ಟ ಕಾರನ್ನು ಸ್ಮರಿಸದೆ ಈ ಮಾತು ಪೂರ್ಣವಾಗದು. ಲಂಡನ್ನಿನ ಬೀದಿಗಳಲ್ಲಿಯೂ ಅದು ಓಡಿತು. ಅದರಲ್ಲಿದ್ದುದು ಸೀಸದ ಬ್ಯಾಟರಿಯೇ. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು. ಬೆಂಗಳೂರಿನಿಂದ ಕ್ಯಾತ್ಸಂದ್ರಕ್ಕೆ ಬಂದು ತಟ್ಟೆ ಇಡ್ಲಿ ತಿನ್ನಬಹುದಾಗಿತ್ತು, ತಿಂದು ಮರಳಿ ಹೋಗುವಂತಿರಲಿಲ್ಲ! 2010ರಲ್ಲಿ ಆ ಸಂಸ್ಥೆ ಮಹೀಂದ್ರದವರ ಕೈಸೇರಿತು. 2017ರಲ್ಲಿ ವಿದ್ಯುದ್ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿದ ಮೊದಲ ರಾಜ್ಯವೆಂಬ ಹೆಸರೂ ಕರ್ನಾಟಕಕ್ಕೇ ಸಂದಿತು.

ಕುಟುಂಬದ ವಾಹನವಾಗುವ ಯೋಗ್ಯತೆ ಬಂದುದು ಲಿಥಿಯಂ ಬ್ಯಾಟರಿಯಿಂದ. 1991ರಲ್ಲಿ ಪೇಟೆಗೆ ಬಂದ ಈ ಬಗೆಯ ಬ್ಯಾಟರಿಯ ನಿರ್ಮಾತೃಗಳಾದ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಮರುವರ್ಷ, 2020ರಲ್ಲಿ, ಟಾಟಾದವರ ನೆಕ್ಸಾನ್ ವಿದ್ಯುತ್ ಕಾರು 30.2 ಯೂನಿಟ್ಟಿನ ಬ್ಯಾಟರಿಯೊಡನೆ ಬಂದಿತು. ಪರೀಕ್ಷಾಲಯದ ಲೆಕ್ಕದಲ್ಲಿ ಅದರ ಓಟ 312 ಕಿಲೋಮೀಟರು. ನಿಜವಾದ ರಸ್ತೆಯಲ್ಲಿ ಅಷ್ಟು ದಕ್ಕದು, ದಕ್ಕಿದಷ್ಟೇ ಒಂದು ಸಂಸಾರಕ್ಕೆ ಸಾಕು. ಮನೆಯ 15 ಆಂಪಿಯರಿನ ಪ್ಲಗ್ಗು ಗಂಟೆಗೆ ಸುಮಾರು ಮೂರು ಯೂನಿಟ್ಟು ಕೊಡುವುದರಿಂದ ರಾತ್ರಿ ಊಟದ ಹೊತ್ತಿಗೆ ಹಾಕಿದರೆ ಬೆಳಗಿನ ಪೂಜೆಯ ವೇಳೆಗೆ ಹೊಟ್ಟೆ ತುಂಬಿರುತ್ತದೆ.

ಎತ್ತನ್ನು ನೊಗಕ್ಕೆ ಕಟ್ಟಿ ನೋಡದೆ ಕೊಳ್ಳುವುದುಂಟೆ? ತಂದೆಯೂ ಮಗನೂ ಆ ಹಳೆಯ ಕಾರನ್ನು ದೇವರಾಯನದುರ್ಗಕ್ಕೆ ಏರಿಸಿದರು. ಏರಿನಲ್ಲಿ ಫಲಕದ ಮೇಲಣ ಅಂಕೆ ಸರಸರನೆ ಇಳಿಯಿತು, ಹಿರಿಯರ ಮುಖವೂ ಇಳಿಯಿತು. ಇಳಿಜಾರಿನಲ್ಲಿ ಅಂಕೆ ಮತ್ತೆ ತುಸು ಏರಿತು. ಇಳಿಯುವಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ, ಆಗ ಮೋಟಾರು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಹಿಂದಿರುಗಿಸುತ್ತದೆ ಎಂದು ಮಗ ವಿವರಿಸಿದನು. "ಇಳಿಜಾರಲ್ಲಿ ನಡೆದು ಹೊಟ್ಟೆ ತುಂಬಿಸಿಕೊಂಡ ಎತ್ತನ್ನ ನಾನು ಕಂಡಿಲ್ಲಪ್ಪ" ಎಂದು ಹಿರಿಯರು ಮಗುವಿನಂತೆ ಸಂತೋಷಪಟ್ಟರು. ಆದರೂ ಹಲ್ಲಿನ ಪ್ರಶ್ನೆಯನ್ನು ಮರೆಯಲಿಲ್ಲ.

ಮರೆಯತಕ್ಕದ್ದೂ ಅಲ್ಲ. ಈ ಕಾರಿನಲ್ಲಿ ಅತ್ಯಂತ ಬೆಲೆಬಾಳುವ ಅಂಗ ಬ್ಯಾಟರಿ. ಅದು ನೆಲಹಾಸಿನ ಕೆಳಗೆ ಮುಚ್ಚಿ ಮುದ್ರೆಯಾಗಿದೆ. ಬಿಸಿಲಿನಲ್ಲಿ ನಿಂತುದು, ಪದೇ ಪದೇ ಶೀಘ್ರವಾಗಿ ಚಾರ್ಜು ಕುಡಿದುದು, ಸದಾ ಕಂಠಪೂರ್ತಿ ತುಂಬಿಸಿ ಇಟ್ಟುದು, ಇವೆಲ್ಲ ಅದರ ಆಯುಷ್ಯವನ್ನು ತಿನ್ನುತ್ತವೆ. ಹೊರಗೆ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ. ಎಂಟು ವರ್ಷ ಅಥವಾ 1,60,000 ಕಿಲೋಮೀಟರು ಎಂಬ ಭರವಸೆ ಹೊಸದನ್ನು ಕೊಂಡವರಿಗೆ ಸಾಮಾನ್ಯವಾಗಿ ದೊರೆಯುತ್ತದೆ. ಅದರಲ್ಲಿ ಉಳಿದ ನಾಲ್ಕು ವರ್ಷ ಎರಡನೆಯ ಒಡೆಯನಿಗೂ ಸಲ್ಲುವುದೆ? ಮಾರುವವನು ಬಾಯಿಮಾತಿನಲ್ಲಿ ಸಲ್ಲುತ್ತದೆಂದನು. ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಾರು ಬರುವುದು ಬಹುಮಟ್ಟಿಗೆ ಎರಡನೆಯ ಕೈಯಿಂದಲೇ. ಆದ್ದರಿಂದ ವಿದ್ಯುತ್ ಕಾರಿನ ಭವಿಷ್ಯ ಹೊಸ ಕಾರಿನ ಜಾಹೀರಾತಿಗಿಂತ ಹಳೆಯ ಬ್ಯಾಟರಿಯ ಸತ್ಯವನ್ನೇ ಹೆಚ್ಚು ಅವಲಂಬಿಸಿದೆ. ಸಂತೆಯ ತಕ್ಕಡಿಗೆ ಸರ್ಕಾರದ ಮುದ್ರೆಯಿರುವಂತೆ ಬ್ಯಾಟರಿಯ ಉಳಿದ ಶಕ್ತಿಗೂ ನಂಬತಕ್ಕ ಮುದ್ರೆಯೊಂದು ಬೇಕು. ಯುರೋಪಿನ ಒಕ್ಕೂಟವು ವಾಹನದ ಬ್ಯಾಟರಿಗಳಿಗೆ 2027ರ ಫೆಬ್ರವರಿಯಿಂದ ಒಂದು ಬಗೆಯ ರಹದಾರಿಯನ್ನು ಕಡ್ಡಾಯಗೊಳಿಸುವ ಕಾನೂನು ಮಾಡಿದೆ. ಸತ್ತ ಬ್ಯಾಟರಿಯನ್ನು ತಯಾರಕರೇ ಹಿಂಪಡೆದು ವಿಲೇವಾರಿ ಮಾಡಬೇಕೆಂಬ ನಿಯಮ 2022ರಲ್ಲಿ ನಮ್ಮ ದೇಶದಲ್ಲಿಯೂ ಬಂದಿದೆ. ಸಾಯುವ ಮೊದಲಿನ ಮುಪ್ಪನ್ನು ಅಳೆಯುವ ಮಾತು ಅಷ್ಟೇ ಮುಖ್ಯ.

ಇನ್ನು ಮೇವಿನ ಮೂಲ. ಹಿರಿಯರು ಕೆಲವು ಕಾಲ ಪಾವಗಡ ತಾಲ್ಲೂಕಿನಲ್ಲಿ ಪಾಠ ಹೇಳಿದವರು. ಮಳೆಯಿಲ್ಲದ ಆ ಹೊಲಗಳನ್ನು ಬಲ್ಲವರು. ಈಗ ಅಲ್ಲಿ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಸ್ಥಾವರ ಹರಡಿದೆ. ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದಿರುವುದು ಅದರ ವಿಶೇಷ. ತಮ್ಮ ಜಿಲ್ಲೆಯ ಬಿಸಿಲೇ ತಮ್ಮ ಕಾರನ್ನು ಓಡಿಸುವುದೆಂದು ಮಗ ಹೇಳಿದಾಗ ಹಿರಿಯರು ಹಿಗ್ಗಿದರು, ಕೂಡಲೇ, "ರಾತ್ರಿ ಸೂರ್ಯ ಎಲ್ಲಿರ್ತಾನೆ?" ಎಂದರು. ಮನೆಯವರು ಚಾರ್ಜಿಗೆ ಹಾಕುವುದು ರಾತ್ರಿ. ಆಗ ಕೊಟ್ಟಿಗೆಗೆ ಬರುವ ವಿದ್ಯುತ್ತಿನಲ್ಲಿ ರಾಯಚೂರಿನ ಕಲ್ಲಿದ್ದಲೂ ಶರಾವತಿಯ ನೀರೂ ಬೆರೆತಿರುತ್ತವೆ. ಬಾಡಿಗೆಯ ಮಹಡಿಯಲ್ಲಿ ವಾಸಿಸುವವರಿಗಂತೂ ಕೊಟ್ಟಿಗೆಯೂ ಇಲ್ಲ, ಗೋಡೆಯೂ ತಮ್ಮದಲ್ಲ. ಕಿಟಕಿಯಿಂದ ವಯರು ಇಳಿಬಿಡುವುದಕ್ಕೆ ಮನೆಯ ಮಾಲೀಕರು ಒಪ್ಪರು.

ಕಾರು ಇನ್ನೂ ಮನೆಗೆ ಬಂದಿಲ್ಲ. ಅಧಿಕೃತ ಕಾರ್ಯಾಗಾರದಲ್ಲಿ ಬ್ಯಾಟರಿಯನ್ನು ಪರೀಕ್ಷಿಸಿ ಉಳಿದ ಶಕ್ತಿಯನ್ನೂ ಉಳಿದ ಭರವಸೆಯನ್ನೂ ಕಾಗದದಲ್ಲಿ ಬರೆಸಿಕೊಟ್ಟರೆ ಮುಂಗಡ ಕೊಡುವುದೆಂದು ಹಿರಿಯರು ಹೇಳಿ ಕಳುಹಿಸಿದ್ದಾರೆ. ಸೋಮವಾರ ತರುವುದಾಗಿ ಮಾರುವವನು ತಿಳಿಸಿದ್ದಾನೆ. ಮಗ ಆಗಲೇ ಸ್ಕೂಟರನ್ನು ಒಂದು ಮಗ್ಗುಲಿಗೆ ಸರಿಸಿ ಕೊಟ್ಟಿಗೆಯ ಅಗಲವನ್ನು ಅಳೆದು ನೋಡಿದ್ದಾನೆ. ಗೋದಲಿಯನ್ನು ಒಡೆಯದಿದ್ದರೆ ಕಾರು ಒಳಗೆ ಹಿಡಿಯದು.