ವಕೀಲರ ಕಛೇರಿಯ ಹೊಸ್ತಿಲು

ಹಂಪೆಯ ವಿರೂಪಾಕ್ಷನ ಪರಮಭಕ್ತನಾದ ಹರಿಹರ ಕವಿಯು ಮಾದಾರ ಚೆನ್ನಯ್ಯನನ್ನು ಕುರಿತೂ ರಗಳೆಯೊಂದನ್ನು ರಚಿಸಿದನೆಂಬುದು ಶರಣಬಂಧುಗಳಿಗೆ ತಿಳಿದ ಸಂಗತಿಯೇ. ಅರಸನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಚೆನ್ನಯ್ಯನ ಅಂಬಲಿಯನ್ನುಂಡ ಶಿವನು ಅರಸನ ನೈವೇದ್ಯವನ್ನು ಒಲ್ಲೆನೆಂದ ಪ್ರಸಂಗವನ್ನು ಕೇಳಿ ಕಣ್ಣೊರೆಸಿಕೊಳ್ಳದವರು ವಿರಳ. ಆದರೆ ಪ್ರವಚನ ಮುಗಿದ ಮರುದಿನ ಚೆನ್ನಯ್ಯನ ಕುಲದ ಮಗಳೊಬ್ಬಳು ಕಪ್ಪು ಕೋಟು ಧರಿಸಿ ನಮ್ಮವರೇ ಆದ ಹಿರಿಯ ವಕೀಲರ ಕಛೇರಿಯ ಹೊಸ್ತಿಲಲ್ಲಿ ನಿಂತರೆ ಏನಾಗುತ್ತದೆ?

ವಕೀಲಿಕೆಯು ಕಾಲೇಜಿನಲ್ಲಿ ಕಲಿತು ಮುಗಿಯುವ ವಿದ್ಯೆಯಲ್ಲ. ದಾವೆಯ ಕರಡು ಬರೆಯುವುದು, ಪಾಟೀಸವಾಲು ಮಾಡುವುದು, ಕಕ್ಷಿದಾರನು ಹೇಳದೆ ಬಿಟ್ಟುದನ್ನು ಗ್ರಹಿಸುವುದು ಇವೆಲ್ಲ ಹಿರಿಯರ ಬಳಿ ವರ್ಷಗಟ್ಟಲೆ ಕುಳಿತು ಕಲಿಯತಕ್ಕವು. ಮಠದಲ್ಲಿ ಗುರುಗಳ ಸನ್ನಿಧಿಯಲ್ಲಿ ಓದಿದ ನನಗೆ ಈ ಪದ್ಧತಿ ಅಪರಿಚಿತವಲ್ಲ. ಕಾಲೇಜಿನ ಪ್ರವೇಶಕ್ಕೆ ಮೀಸಲಾತಿಯುಂಟು. ಕಛೇರಿಯ ಪ್ರವೇಶಕ್ಕೆ ಯಾವ ಕಾಯಿದೆಯೂ ಇಲ್ಲ. ಅಲ್ಲಿ ನಡೆಯುವುದು ಪರಿಚಯ, ಬಾಂಧವ್ಯ.

ಡಾ. ಅಂಬೇಡ್ಕರ್ ಅವರು 1922ರಲ್ಲಿ ಲಂಡನ್ನಿನ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರ್ ಆದರು. ಮರುವರ್ಷ ಮುಂಬಯಿಗೆ ಮರಳಿದಾಗ ಸನ್ನದು ಪಡೆಯಲು ಹಣವಿಲ್ಲದೆ ಪಾರಸಿ ಗೆಳೆಯ ನವಲ್ ಭಥೇನಾ ಅವರಿಂದ ಸಾಲ ಪಡೆಯಬೇಕಾಯಿತು. ಅಷ್ಟಾದರೂ ಅಸ್ಪೃಶ್ಯನಿಗೆ ಮೊಕದ್ದಮೆ ಒಪ್ಪಿಸಲು ಸಾಲಿಸಿಟರುಗಳು ಹಿಂಜರಿದರು. ಅಂಥ ವಿದ್ವಾಂಸರು ಸಂಸಾರ ನಡೆಸಲು 1925ರಿಂದ ಬಾಟ್ಲಿಬಾಯ್ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿದರು. ಅಮೆರಿಕದ ಕಪ್ಪು ಜನರ ಕಥೆಯೂ ಬೇರೆಯಲ್ಲ. ಆದರೆ ಅಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಎಂಬ ಗುರುಗಳು ದೊರೆತರು. ಅವರ ಬಳಿ ಪಳಗಿದ ಶಿಷ್ಯ ಥರ್ಗುಡ್ ಮಾರ್ಷಲ್ 1967ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೂ ನಿದರ್ಶನವುಂಟು. ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಜನಿಸಿ ಕಲಬುರಗಿಯಲ್ಲಿ ಕಾನೂನು ಓದಿದ ಮಲ್ಲಿಕಾರ್ಜುನ ಖರ್ಗೆಯವರು ವೃತ್ತಿಯನ್ನಾರಂಭಿಸಿದ್ದು ಶಿವರಾಜ ಪಾಟೀಲರ ಕಛೇರಿಯಲ್ಲಿ ಕಿರಿಯ ವಕೀಲರಾಗಿ. ಪಾಟೀಲರು 2000ದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಖರ್ಗೆಯವರು ಕಾರ್ಮಿಕ ಸಂಘಗಳ ಮೊಕದ್ದಮೆಗಳನ್ನು ನಡೆಸಿ ರಾಜಕೀಯಕ್ಕೆ ಹೋದರು. ರಾಜಕೀಯದ ಮಾತು ಇಲ್ಲಿ ಬೇಡ. ಆ ಕಛೇರಿಯಲ್ಲಿ ಹಾಕಿಕೊಟ್ಟ ಕುರ್ಚಿಯ ಮಾತಷ್ಟೇ ಸಾಕು.

2007ರಲ್ಲಿ ಕೆ.ಜಿ. ಬಾಲಕೃಷ್ಣನ್, 2025ರಲ್ಲಿ ಬಿ.ಆರ್. ಗವಾಯಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದಾಗ ನಾವೆಲ್ಲ ಹರ್ಷಿಸಿದೆವು. ಆದರೂ 2018ರಿಂದೀಚೆ ಹೈಕೋರ್ಟುಗಳಿಗೆ ನೇಮಕಗೊಂಡವರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು ಮೂವರು ಎಂಬುದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ಕಛೇರಿಗಳಲ್ಲಿ ಕೂರಿಸಿಕೊಳ್ಳದವರು ಪೀಠಕ್ಕೆ ಹೇಗೆ ಬಂದಾರು? ವಕೀಲರ ಪರಿಷತ್ತುಗಳು ನೋಂದಣಿಗೆ ಕಾಯಿದೆಯ ಮಿತಿಯಾದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ತೀರ್ಪಿತ್ತಿತು. ಸನ್ನದಿನ ತೊಡಕು ಅಷ್ಟರಮಟ್ಟಿಗೆ ಕಳೆಯಿತು.

ಉಳಿದ ತೊಡಕನ್ನು ನಾನು ಕಂಡಿದ್ದೇನೆ. ಸಂಡೂರಿನ ಅದಿರು ಗಣಿಯಲ್ಲಿ ದುಡಿದವರೊಬ್ಬರ ಮಗಳು ಕಾನೂನು ಪದವಿ ಪಡೆದು ಹೊಸಪೇಟೆಯಲ್ಲಿ ಕಛೇರಿಯಿಂದ ಕಛೇರಿಗೆ ಅಲೆದಳು. ಎಲ್ಲೆಡೆ ಮೊದಲ ಪ್ರಶ್ನೆ, "ನೀವು ಯಾವ ಮಂದಿಯವ್ವಾ?" ಉತ್ತರ ಕೇಳಿದ ಮೇಲೆ ಎರಡನೆಯ ಮಾತು, ಸದ್ಯ ಜಾಗವಿಲ್ಲ. "ಅಜ್ಜಾರೆ, ಯಾರೂ ಬ್ಯಾಡ ಅನ್ನಲಿಲ್ಲ. ಎಲ್ಲರ ಹತ್ರನೂ ಜಾಗ ಇಲ್ರಿ" ಎಂದು ಆಕೆ ನನ್ನೆದುರು ಹೇಳಿದಾಗ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಹಾಗೆಂದವರಲ್ಲಿ ಕೊರಳಲ್ಲಿ ಇಷ್ಟಲಿಂಗ ಧರಿಸಿದವರೂ ಇದ್ದರು.

ಕಂಪ್ಲಿಯ ಕಡೆಯ ವೃದ್ಧ ವಕೀಲರೊಬ್ಬರು, ನಿತ್ಯ ಲಿಂಗಪೂಜೆಯವರು, ವಿಷಯ ತಿಳಿದು ಹೇಳಿ ಕಳುಹಿಸಿದರು. ಮೊದಲ ತಿಂಗಳು ವಾಯಿದೆಯ ತಾರೀಖುಗಳನ್ನು ದಿನಚರಿಯಲ್ಲಿ ಬರೆಯುವ ಕೆಲಸ ಕೊಟ್ಟರು. ಮಧ್ಯಾಹ್ನ ತಮ್ಮ ಮನೆಯಲ್ಲೇ ಊಟಕ್ಕೆ ಕೂರಿಸಿದರು; ಮನೆಯಾಕೆ ಎರಡು ದಿನ ಮುಖ ಗಂಟಿಕ್ಕಿ, ಮೂರನೆಯ ದಿನ ತಾವೇ ರೊಟ್ಟಿ ಬಡಿಸಿದರಂತೆ. ಈಗ ಆಕೆ ಜಾಮೀನು ಅರ್ಜಿಗಳನ್ನು ಸ್ವತಃ ಬರೆದು ವಾದಿಸುತ್ತಾಳೆ. ಅವಳ ಊರಿನಿಂದ ಇನ್ನಿಬ್ಬರು ಹುಡುಗರು ಪದವಿ ಮುಗಿಸಿ ಬಂದಿದ್ದಾರೆ. ಹೊಸಪೇಟೆಯಲ್ಲಿ ಅವರಿಗೆ ಕಛೇರಿ ಇನ್ನೂ ದೊರೆತಿಲ್ಲ.